ಫೋನ್ ಫುಲ್ ಆದಾಗ ಗಡಿಬಿಡಿಯಲ್ಲಿ ಆ್ಯಪ್ ಹಾಕಬೇಡಿ

ಕೊಂಡಜ್ಜಿಯಿಂದ ಹರಿಹರದ ತಾಲ್ಲೂಕು ಕಚೇರಿಗೋ ದಾವಣಗೆರೆಯ ಬ್ಯಾಂಕಿಗೋ ಹೋಗಿ ಸಾಲಿನಲ್ಲಿ ನಿಂತಿರುತ್ತೀರಿ. ಒಳಗಿನವರು "ಪಹಣಿ ತೋರಿಸ್ರಿ" ಅಂದ ಕೂಡಲೇ ಫೋನ್ ತೆಗೆದು ಮೇಲಕ್ಕೂ ಕೆಳಕ್ಕೂ ಎಳೀತಾ ನಿಲ್ಲುತ್ತೀರಿ. ಕಾಗದ ಫೋನಿನೊಳಗೇ ಇರುತ್ತೆ, ಆದರೆ ಕೈಗೆ ಸಿಗೋದಿಲ್ಲ. ಕೊನೆಗೆ ಎದುರಿನ ಅಂಗಡಿಯಲ್ಲಿ ಮತ್ತೆ ದುಡ್ಡು ಕೊಟ್ಟು ಇನ್ನೊಂದು ತೆಗೆಸುತ್ತೀರಿ. ಇಲ್ಲವೇ ಬೆಳೆ ಸಮೀಕ್ಷೆಗೆ ಅಂತ ಗದ್ದೆ ಬದುವಿನ ಮೇಲೆ ನಿಂತು ಫೋಟೋ ಹೊಡೀಬೇಕು ಅನ್ನೋ ಹೊತ್ತಿಗೇ 'ಸ್ಟೋರೇಜ್ ಫುಲ್' ಅಂತ ಬರುತ್ತೆ. ಆಗ ಗಾಬರಿಯಲ್ಲಿ ಪ್ಲೇ ಸ್ಟೋರಿಗೆ ಹೋಗಿ, ಮೊದಲು ಕಣ್ಣಿಗೆ ಬಿದ್ದ ಫೈಲ್ ಮ್ಯಾನೇಜರ್ ಹಾಕಿಬಿಡ್ತೀರಿ. ಅಲ್ಲೇ ಸ್ವಲ್ಪ ತಡೀರಿ. ಫೈಲ್ ಮ್ಯಾನೇಜರ್ ಹಾಕೋದು ಅಂದರೆ ಮನೆಯ ಟ್ರಂಕಿನ ಕೀಲಿ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಆಧಾರ್, ಪಾಸ್‌ಬುಕ್ಕಿನ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್ಲವನ್ನೂ ಅದು ತೆಗೆದು ನೋಡಬಲ್ಲದು. ಊರಲ್ಲಿ ಫೋನ್ ಕೆಟ್ಟವರೆಲ್ಲ ನಮ್ಮ ಜಗಲಿಗೇ ಬಂದು ಕೂರೋದರಿಂದ, ನಾನು ಕಂಡಿದ್ದನ್ನ ಹೇಳ್ತೀನಿ, ಕೇಳಿ.

• ಮೊದಲು ಫೋನಿನಲ್ಲಿ ಏನಿದೆ ಅಂತ ನೋಡಿ. ಸ್ಯಾಮ್‌ಸಂಗ್ ಫೋನಾದರೆ 'ಮೈ ಫೈಲ್ಸ್' ಅಂತ ಇದೆ, ರೆಡ್ಮಿಯಲ್ಲಿ 'ಫೈಲ್ ಮ್ಯಾನೇಜರ್' ಅಂತಲೇ ಇದೆ, ಐಫೋನಿನವರಿಗೆ 2017ರಿಂದ 'ಫೈಲ್ಸ್' ಬಂದಿದೆ. ಮನೆಯಲ್ಲಿ ಇರೋದನ್ನ ಬಿಟ್ಟು ಸಂತೆಗೆ ಯಾಕೆ ಹೋಗ್ತೀರಿ? ಹತ್ತರಲ್ಲಿ ಒಂಬತ್ತು ಜನರಿಗೆ ಅಷ್ಟೇ ಸಾಕು.

• ಇದ್ದದ್ದು ಸಾಲದು ಅನ್ನಿಸಿದರೆ, ಯಾಕೆ ಸಾಲದು ಅನ್ನೋದನ್ನ ಒಂದು ಮಾತಿನಲ್ಲಿ ಹೇಳಿಕೊಳ್ಳಿ. ಮೆಮೊರಿ ಕಾರ್ಡಿಗೆ ಹಾಕಬೇಕೇ, ಪೆನ್ ಡ್ರೈವ್ ಓದಬೇಕೇ, ಜಿಪ್ ಬಿಚ್ಚಬೇಕೇ? ಕಾರಣ ಗೊತ್ತಿದ್ದರೆ ಹುಡುಕೋದು ಸಲೀಸು. ಕಾರಣವೇ ಸಿಗದಿದ್ದರೆ ಆ್ಯಪೂ ಬೇಡ.

• ಹೊಸದು ಬೇಕೇ ಬೇಕು ಅನ್ನೋರು 'ಫೈಲ್ಸ್ ಬೈ ಗೂಗಲ್' ನೋಡಿ. 2017ರ ಡಿಸೆಂಬರಿನಲ್ಲಿ 'ಫೈಲ್ಸ್ ಗೋ' ಅನ್ನೋ ಹೆಸರಲ್ಲಿ ಬಂತು, ಮರುವರ್ಷ ಈ ಹೆಸರಾಯ್ತು. ಜಾಗ ಕಡಿಮೆ ಇರೋ ನಮ್ಮಂಥವರ ಫೋನಿಗೆ ಅಂತಲೇ ಮಾಡಿದ್ದು, ಮಧ್ಯೆ ಜಾಹೀರಾತು ಕುಣಿಯೋದಿಲ್ಲ. ಆದರೆ 'ಇದನ್ನ ಅಳಿಸಲೇ' ಅಂತ ಅದು ಕೇಳಿದಾಗ ಓದಿ, ಆಮೇಲೆ ಒತ್ತಿ. ಹಳೇ ಸ್ಕ್ರೀನ್‌ಶಾಟ್ ಅಂತ ಅದು ಎಣಿಸಿದ್ದು ನಿಮ್ಮ ಗೊಬ್ಬರದ ದುಡ್ಡು ಕಟ್ಟಿದ ರಸೀದಿ ಆಗಿರಬಹುದು.

• ಬಹಳ ಜನ ಹಾಕಿಕೊಂಡಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ನಂಬಬೇಡಿ. ಇಎಸ್ ಫೈಲ್ ಎಕ್ಸ್‌ಪ್ಲೋರರ್ ಒಂದು ಕಾಲಕ್ಕೆ ಎಲ್ಲರ ಫೋನಿನಲ್ಲೂ ಇತ್ತು. ಫೋನ್ ಅಂಗಡಿಯವರೇ ಹಾಕಿ ಕೊಡ್ತಿದ್ದರು. 2019ರ ಜನವರಿಯಲ್ಲಿ ಅದರ ಹುಳುಕು ಹೊರಬಿತ್ತು. ಆ್ಯಪನ್ನ ಒಂದು ಸಲ ತೆರೆದಿದ್ದರೆ ಸಾಕು, ಅದೇ ವೈಫೈಯಲ್ಲಿ ಕೂತ ಬೇರೆಯವರು ನಿಮ್ಮ ಫೈಲು ತೆಗೆಯಬಹುದಿತ್ತು. ಅದೇ ವರ್ಷ ಪ್ಲೇ ಸ್ಟೋರಿನಿಂದ ತೆಗೆದುಹಾಕಿದರು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪುಗಳ ಪಟ್ಟಿಯಲ್ಲೂ ಅದರ ಹೆಸರಿತ್ತು. ಇಂದಿಗೂ ಹಳೇ ಫೋನುಗಳಲ್ಲಿ ಅದು ಸುಮ್ಮನೆ ಮಲಗಿರೋದನ್ನ ನೋಡ್ತೀನಿ. ಅಜ್ಜನ ಫೋನು, ಅಡುಗೆಮನೆ ಶೆಲ್ಫಿನ ಮೇಲಿನ ಫೋನು, ಎಲ್ಲವನ್ನೂ ಒಮ್ಮೆ ತೆಗೆದು ನೋಡಿ, ಇದ್ದರೆ ಕಿತ್ತುಹಾಕಿ. ಅದರ ಹೆಸರಿಗೆ ಹತ್ತಿರದ ಹೆಸರಿಟ್ಟುಕೊಂಡು ಬರೋದನ್ನೂ ದೂರ ಇಡಿ.

• ಆ್ಯಪಿನ ಒಡೆಯರು ಬದಲಾಗ್ತಾರೆ, ಹೆಸರು ಮಾತ್ರ ಹಾಗೇ ಇರುತ್ತೆ, ಇದನ್ನ ಮರೀಬೇಡಿ. 'ಸಿಂಪಲ್ ಫೈಲ್ ಮ್ಯಾನೇಜರ್' ಅನ್ನೋದು ಜಾಹೀರಾತಿಲ್ಲದ, ಒಳಗಿನ ಕೋಡನ್ನೂ ಎಲ್ಲರಿಗೆ ತೆರೆದಿಟ್ಟ ಒಳ್ಳೇ ಆ್ಯಪಾಗಿತ್ತು. 2023ರ ಕೊನೆಯಲ್ಲಿ ಅದರ ಇಡೀ ಬಳಗವನ್ನೇ ಬೇರೆ ಕಂಪನಿಗೆ ಮಾರಿದರು. ಅದನ್ನ ಮೆಚ್ಚಿಕೊಂಡಿದ್ದವರು ಹಳೇ ಕೋಡನ್ನೇ ಎತ್ತಿಕೊಂಡು 'ಫಾಸಿಫೈ' ಅಂತ ಬೇರೆ ಬಳಗ ಶುರು ಮಾಡಿದರು. ಅದಕ್ಕೇ ಹೇಳೋದು, ವರ್ಷಕ್ಕೊಮ್ಮೆ ಯುಗಾದಿಗೆ ಮನೆ ಗುಡಿಸುವಾಗ ಫೋನನ್ನೂ ತೆಗೆಯಿರಿ, ಪ್ಲೇ ಸ್ಟೋರಿನಲ್ಲಿ ಆ್ಯಪ್ ಹೆಸರಿನ ಕೆಳಗೆ ಯಾರ ಹೆಸರಿದೆ ನೋಡಿ. ಗುರುತಿಲ್ಲದ ಹೆಸರು ಬಂದಿದ್ದರೆ ಬೀಳ್ಕೊಡಿ.

• ಪ್ಲೇ ಸ್ಟೋರಿನಲ್ಲಿ ಐದು ನಕ್ಷತ್ರ ಕೊಟ್ಟವರ ಮಾತು ಬಿಡಿ, ಒಂದು ನಕ್ಷತ್ರದವರ ಬರಹ ಓದಿ. ಹೊಗಳೋರಿಗೆ ಕಾರಣ ನೂರಿರುತ್ತೆ, ಕಳಕೊಂಡವರು ಇದ್ದದ್ದನ್ನ ಇದ್ದ ಹಾಗೆ ಬರೀತಾರೆ.

• ಫೈಲ್ ಆ್ಯಪು ಫೈಲು ನೋಡೋಕೆ ಅನುಮತಿ ಕೇಳಲಿ, ಅದು ಸರಿ. ಫೋನ್ ನಂಬರುಗಳ ಪಟ್ಟಿ, ಮೈಕು, ನೀವಿರೋ ಜಾಗ, ಎಸ್ಸೆಮ್ಮೆಸ್ಸು ಕೇಳಿದರೆ 'ಬೇಡ' ಒತ್ತಿ. ಎಸ್ಸೆಮ್ಮೆಸ್ಸಿನಲ್ಲೇ ಅಲ್ಲವೇ ಓಟಿಪಿ ಬರೋದು?

• ಸೆಟ್ಟಿಂಗ್ಸಿನಲ್ಲಿ 'ಆಲ್ ಫೈಲ್ಸ್ ಆ್ಯಕ್ಸೆಸ್' ಅನ್ನೋ ಪಟ್ಟಿಯನ್ನ ಹುಡುಕಿ ತೆಗೆಯಿರಿ. ಆಂಡ್ರಾಯ್ಡ್ 11ರಿಂದ ಇದು ಇದೆ. ಯಾವ ಯಾವ ಆ್ಯಪು ಎಲ್ಲ ಫೈಲನ್ನೂ ಮುಟ್ಟಬಹುದು ಅಂತ ಅಲ್ಲಿ ಕಾಣುತ್ತೆ. ಮಕ್ಕಳ ಆಟದ ಆ್ಯಪೋ ಟಾರ್ಚಿನ ಆ್ಯಪೋ ಅಲ್ಲಿ ಕೂತಿದ್ದರೆ ತಕ್ಷಣ ಆಫ್ ಮಾಡಿ. ಟಾರ್ಚಿಗೆ ನಿಮ್ಮ ಪಹಣಿ ಯಾಕೆ ಬೇಕು?

• 'ಫೋನ್ ಫಾಸ್ಟ್ ಮಾಡ್ತೀವಿ, ಬ್ಯಾಟರಿ ತಂಪು ಮಾಡ್ತೀವಿ, ವೈರಸ್ ತೆಗೀತೀವಿ' ಅನ್ನೋ ಫೈಲ್ ಮ್ಯಾನೇಜರ್ ಬೇಡವೇ ಬೇಡ. ಒಂದು ಕೆಲಸ ನೆಟ್ಟಗೆ ಮಾಡೋದನ್ನ ಆರಿಸಿ. ಇಂಥವು ಹಿಂದೆ ಕೂತು ಡೇಟಾ ತಿನ್ನುತ್ತವೆ, ಫೋನು ಇನ್ನಷ್ಟು ನಿಧಾನ ಆಗುತ್ತೆ.

• ಒಂದೇ ಇಟ್ಟುಕೊಳ್ಳಿ. ಮೂರು ಫೈಲ್ ಆ್ಯಪ್ ಇದ್ದರೆ ಜಾಗವೂ ದಂಡ, ಯಾವುದರಲ್ಲಿ ಏನು ಮಾಡಿದಿರಿ ಅನ್ನೋದೂ ನೆನಪಿರೋಲ್ಲ.

• ಅಳಿಸಿದ್ದು ಕಸದ ಬುಟ್ಟಿಗೆ ಹೋಗುತ್ತೋ, ನೇರ ಮಾಯವಾಗುತ್ತೋ ಅಂತ ಮೊದಲೇ ಪರೀಕ್ಷೆ ಮಾಡಿ. ಬೇಡದ ಒಂದು ಫೋಟೋ ಅಳಿಸಿ ನೋಡಿದರೆ ಗೊತ್ತಾಗುತ್ತೆ. ಗೂಗಲ್ಲಿನದರಲ್ಲೂ ಸ್ಯಾಮ್‌ಸಂಗಿನದರಲ್ಲೂ ಬುಟ್ಟಿ ಇದೆ, 30 ದಿನ ಇಟ್ಟುಕೊಂಡಿರುತ್ತೆ. ಬುಟ್ಟಿ ಇಲ್ಲದ ಆ್ಯಪನ್ನ ಮಕ್ಕಳು ಆಡೋ ಫೋನಿಗೆ ಹಾಕಲೇಬೇಡಿ. ಇನ್ನೊಂದು ಮಾತು: ಬುಟ್ಟಿಯಲ್ಲಿ ಇರೋವರೆಗೂ ಜಾಗ ಖಾಲಿ ಆಗೋದಿಲ್ಲ, ಜಾಗ ಬೇಕಿದ್ದರೆ ಬುಟ್ಟಿಯನ್ನೂ ಚೆಲ್ಲಿ.

• ಕಾರ್ಡಿಗೆ ಹಾಕುವಾಗ 'ಮೂವ್' ಒತ್ತಬೇಡಿ, 'ಕಾಪಿ' ಮಾಡಿ. ಕಾಪಿ ಆದಮೇಲೆ ಕಾರ್ಡಿನಲ್ಲಿರೋದನ್ನ ತೆರೆದು ನೋಡಿ, ಆಮೇಲೆ ಫೋನಿನದನ್ನ ಅಳಿಸಿ. ಮಧ್ಯದಲ್ಲಿ ಚಾರ್ಜ್ ಹೋದರೂ ಕಾರ್ಡ್ ಸಡಿಲಾದರೂ ಒಂದು ಪ್ರತಿಯಾದರೂ ಉಳಿಯುತ್ತೆ. ಎರಡು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ಮದುವೆಯ ಫೋಟೋ ಕಳಕೊಂಡವರಿದ್ದಾರೆ.

• ಹೊಸ ಕಾರ್ಡ್ ಹಾಕಿದಾಗ ಫೋನು 'ಇದನ್ನ ಫೋನಿನ ಮೆಮೊರಿಯಾಗಿ ಬಳಸಲೇ' ಅಂತ ಕೇಳಬಹುದು. ಒಪ್ಪಬೇಡಿ. ಒಪ್ಪಿದರೆ ಆ ಕಾರ್ಡು ಬೇರೆ ಫೋನಿನಲ್ಲಿ ಓದೋಕೆ ಬರೋದಿಲ್ಲ, ಫೋನ್ ಕೆಟ್ಟರೆ ಕಾರ್ಡಿನದೂ ಹೋದ ಹಾಗೆ.

• ಫೈಲಿಗೆ ಹೆಸರಿಡಿ. ಇದೊಂದನ್ನ ಮಾಡಿದರೆ ಅರ್ಧ ಕಷ್ಟ ಕಳೀತು ಅಂತ ತಿಳ್ಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಬಂದ ಕಾಗದಕ್ಕೆ 'ಡಿಒಸಿ', ಅದರ ಹಿಂದೆ ತಾರೀಕು, ಅದರ ಹಿಂದೆ 'ಡಬ್ಲ್ಯುಎ' ಅಂತ ಒಂದು ನಂಬರು ಇರುತ್ತೆ. ಅದು ಪಹಣಿಯೋ ಕರೆಂಟ್ ಬಿಲ್ಲೋ ಯಾರಿಗೆ ಗೊತ್ತಾಗಬೇಕು? ಬಂದ ದಿನವೇ ಹೆಸರು ಬದಲಿಸಿ: ಯಾವ ಕಾಗದ, ಸರ್ವೆ ನಂಬರು, ವರ್ಷ. ಬ್ಯಾಂಕಿನವರು ಈ ಸಾಲಿನ ಪಹಣಿ ಕೇಳ್ತಾರೆ, ಹೋದ ಸಾಲಿನದು ಎದ್ದು ಬಂದರೆ ಮತ್ತೊಂದು ಬಸ್ ಚಾರ್ಜು. ಆನ್‌ಲೈನ್ ಅರ್ಜಿಗೆ ಹಾಕೋ ಫೈಲುಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಹೆಸರು ಕೊಡಿ, ಕನ್ನಡ ಹೆಸರು ಕಂಡರೆ ಕೆಲವು ಕಡೆ ತಕರಾರು ಮಾಡುತ್ತೆ. ಆಮೇಲೆ 'ಜಮೀನು', 'ಬ್ಯಾಂಕು', 'ಮಕ್ಕಳು', 'ಆಸ್ಪತ್ರೆ' ಅಂತ ನಾಲ್ಕು ಫೋಲ್ಡರ್ ಮಾಡಿ ಒಳಗೆ ಹಾಕಿ. ಐದನೆಯದು ಬೇಡ, ಜಾಸ್ತಿಯಾದರೆ ಅದರಲ್ಲೇ ಹುಡುಕಾಟ ಶುರುವಾಗುತ್ತೆ. ಹೆಸರು ಬದಲಿಸೋದು ಸುಲಭವಾಗಿಲ್ಲದ ಆ್ಯಪನ್ನ ಆರಿಸಲೇಬೇಡಿ.

• 'ದೊಡ್ಡದು ಮೊದಲು' ಅಂತ ಜೋಡಿಸಿ ತೋರಿಸೋ ಆ್ಯಪನ್ನೇ ತಗೊಳ್ಳಿ. ಸಣ್ಣ ಫೋಟೋ ನೂರು ಅಳಿಸೋ ಬದಲು ಒಂದು ಉದ್ದದ ವಿಡಿಯೋ ಅಳಿಸಿದರೆ ಸಾಕು, ಬೆರಳೂ ನೋಯೋಲ್ಲ. ನಿಮಿಷದ ವಿಡಿಯೋ ಚೆನ್ನಾಗಿ ತೆಗೆದರೆ ನೂರು ಎಂಬಿ ಆಸುಪಾಸು ಹಿಡಿಯುತ್ತೆ. ನಮ್ಮೂರ ಕೆರೆ ತುಂಬಿದಾಗ ಊರೆಲ್ಲ ವಿಡಿಯೋ ತೆಗೀತಾರೆ, ಸ್ಕೌಟ್ಸ್ ಕ್ಯಾಂಪಿಗೆ ಬಂದ ಮಕ್ಕಳ ತಂದೆ ತಾಯಿಗೂ ಅದೇ ಗುಡ್ಡ, ಅದೇ ಕೆರೆ. ಒಂದನ್ನ ಇಟ್ಟುಕೊಳ್ಳಿ, ಉಳಿದದ್ದನ್ನ ಬಿಟ್ಟುಕೊಡಿ.

• ವಾಟ್ಸ್ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ತಾನಾಗಿ ಇಳಿಯೋದನ್ನ ನಿಲ್ಲಿಸಿ. ದಿನಾ ಬೆಳಿಗ್ಗೆ ಬರೋ ಶುಭೋದಯ ನಿಮ್ಮ ಮೇಲಿನ ಪ್ರೀತಿಗೇ ಬರುತ್ತೆ, ಅದನ್ನ ನೋಡಿ ಸಂತೋಷಪಡಿ, ಫೋನಿನಲ್ಲಿ ಕೂಡಿಡೋದು ಬೇಡ. ಅಲ್ಲೇ 'ಮ್ಯಾನೇಜ್ ಸ್ಟೋರೇಜ್' ಅಂತ ಇದೆ, ದೊಡ್ಡ ಫೈಲು ಯಾವ ಗುಂಪಿನಿಂದ ಬಂತು ಅಂತ ತೋರಿಸುತ್ತೆ. ಇಷ್ಟು ಮಾಡಿದರೆ ಎಷ್ಟೋ ಜನರಿಗೆ ಬೇರೆ ಆ್ಯಪೇ ಬೇಕಾಗೋಲ್ಲ.

• ನೀವು ಬೇರೆಯವರಿಗೆ ಕಳಿಸಿದ್ದರ ಪ್ರತಿ ವಾಟ್ಸ್ಆ್ಯಪಿನ 'ಸೆಂಟ್' ಫೋಲ್ಡರಿನಲ್ಲಿ ಕೂತಿರುತ್ತೆ. ಗ್ಯಾಲರಿಯಲ್ಲಿ ಕಾಣಿಸೋದಿಲ್ಲ, ಫೈಲ್ ಮ್ಯಾನೇಜರಿನಲ್ಲೇ ಕಾಣೋದು. ತಿಂಗಳಿಗೊಮ್ಮೆ ಇಣುಕಿ ನೋಡಿ.

• ಗೂಗಲ್ ಫೋಟೋಸಿನಲ್ಲಿ ಅಳಿಸೋದು ಬೇರೆ, ಫೋನಿನ ಜಾಗ ಖಾಲಿ ಮಾಡೋದು ಬೇರೆ. ಅಲ್ಲಿ ಡಿಲೀಟ್ ಒತ್ತಿದರೆ ಗೂಗಲ್ ಖಾತೆಯಲ್ಲಿ ಇಟ್ಟ ಪ್ರತಿಯೂ ಹೋಗುತ್ತೆ. ಜಾಗವಷ್ಟೇ ಬೇಕಿದ್ದರೆ 'ಫ್ರೀ ಅಪ್ ಸ್ಪೇಸ್' ಒತ್ತಿ.

• 'ಆಂಡ್ರಾಯ್ಡ್' ಅನ್ನೋ ಹೆಸರಿನ ಫೋಲ್ಡರನ್ನ ಇಡಿಯಾಗಿ ಅಳಿಸಬೇಡಿ. ಅರ್ಥವಾಗದ ಹೆಸರು ನೋಡಿ ಕಸ ಅಂದುಕೊಳ್ತೀರಿ, ಆದರೆ ನಿಮ್ಮ ವಾಟ್ಸ್ಆ್ಯಪಿನ ಫೋಟೋಗಳೂ ಅದರೊಳಗೇ ಇರುತ್ತವೆ.

• ಫೈಲಿನ ಹೆಸರಿನ ಬಾಲವನ್ನೂ ತೋರಿಸೋ ಹಾಗೆ ಸೆಟ್ ಮಾಡಿಕೊಳ್ಳಿ. ಬಾಲದಲ್ಲಿ 'ಪಿಡಿಎಫ್' ಇದ್ದರೆ ಕಾಗದ, 'ಜೆಪಿಜಿ' ಇದ್ದರೆ ಫೋಟೋ. 'ಎಪಿಕೆ' ಅಂತ ಇದ್ದರೆ ಅದು ಆ್ಯಪು, ಮುಟ್ಟಬೇಡಿ. ಮದುವೆ ಕರೆಯೋಲೆ, ಗಾಡಿಯ ದಂಡದ ಚಲನ್, ಪಿಎಂ ಕಿಸಾನ್ ಕಂತು ಅಂತ ಹೆಸರಿಟ್ಟು ವಾಟ್ಸ್ಆ್ಯಪಿನಲ್ಲಿ ಎಪಿಕೆ ಕಳಿಸಿ ಖಾತೆ ಬರಿದು ಮಾಡೋರಿದ್ದಾರೆ. ಕಳಿಸಿದ್ದು ಗುರುತಿನವರ ನಂಬರಿನಿಂದಲೇ ಇರಬಹುದು, ಅವರ ಫೋನೂ ಕೈ ತಪ್ಪಿರುತ್ತೆ. ಒಂದು ಸಲ ಫೋನ್ ಮಾಡಿ "ನೀವೇ ಕಳಿಸಿದ್ರಾ" ಅಂತ ಕೇಳಿ. ದುಡ್ಡು ಹೋಯ್ತು ಅಂದರೆ ಅಳುತ್ತಾ ಕೂರದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಹೇಳ್ತೀರೋ ಅಷ್ಟು ತಡೆಯೋಕೆ ದಾರಿ ಇರುತ್ತೆ.

• ಮುಖ್ಯವಾದ ಕಾಗದಗಳಿಗೆ ಬೀಗ ಹಾಕೋ ಫೋಲ್ಡರ್ ಇರೋದನ್ನ ಆರಿಸಿ, ಆದರೆ ಪಿನ್ನನ್ನ ಮನೆಯ ಡೈರಿಯಲ್ಲಿ ಬರೆದಿಡಿ. ಪಿನ್ ಮರೆತರೆ ಒಳಗಿದ್ದದ್ದು ನಿಮಗೂ ಸಿಗೋಲ್ಲ.

• ಜೆರಾಕ್ಸ್ ಅಂಗಡಿಯವರ ನಂಬರಿಗೆ ಪೂರ್ತಿ ಆಧಾರ್ ಕಳಿಸೋ ಮೊದಲು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಆಧಾರ್ ಸಾಕೇ ಅಂತ ಕೇಳಿ. ಅದನ್ನ ಆಧಾರಿನ ಜಾಲತಾಣದಲ್ಲಿ ನೀವೇ ಇಳಿಸಿಕೊಳ್ಳಬಹುದು. ಆ ಪಿಡಿಎಫ್ ತೆರೆಯೋ ಪಾಸ್‌ವರ್ಡು ಅಂದರೆ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲಿ ಹುಟ್ಟಿದ ವರ್ಷ. ಪ್ರಿಂಟ್ ಆದಮೇಲೆ "ಅಣ್ಣಾ, ಕಂಪ್ಯೂಟರಿನಿಂದ ಅಳಿಸಿಬಿಡಿ" ಅಂತ ನಿಂತು ಹೇಳಿ, ಸಂಕೋಚ ಬೇಡ. ಅದಕ್ಕಿಂತ ಮೇಲು ಅಂದರೆ ಡಿಜಿಲಾಕರ್. ಅದರೊಳಗೆ ಸರ್ಕಾರವೇ ಕೊಟ್ಟ ಕಾಗದ ಅಸಲಿನಷ್ಟೇ ನಡೆಯುತ್ತೆ, ಫೋನ್ ಕಳೆದರೂ ಇನ್ನೊಂದು ಫೋನಿನಲ್ಲಿ ತೆರೆದುಕೊಳ್ಳಬಹುದು.

• ಫೋನಿನಿಂದ ಫೋನಿಗೆ ಕಳಿಸೋಕೆ ಹಳೇ ಶೇರ್‌ಇಟ್, ಕ್ಸೆಂಡರ್ ಹುಡುಕಬೇಡಿ, ಅವೂ ಆ 59ರ ಪಟ್ಟಿಯಲ್ಲೇ ಇದ್ದವು. ಆಂಡ್ರಾಯ್ಡಿನಲ್ಲೇ ಕ್ವಿಕ್ ಶೇರ್ ಇದೆ, ನೆಟ್ ಪ್ಯಾಕೂ ಖರ್ಚಾಗೋಲ್ಲ. ಕಳಿಸಿ ಮುಗಿದ ಮೇಲೆ ಆಫ್ ಮಾಡಿ.

• ಹಳೇ ಫೋನನ್ನ ತಮ್ಮನಿಗೋ ಎಕ್ಸ್‌ಚೇಂಜಿಗೋ ಕೊಡುವಾಗ ಒಂದೊಂದೇ ಫೈಲ್ ಅಳಿಸುತ್ತಾ ಕೂರಬೇಡಿ. ಬೇಕಾದ್ದನ್ನ, ಬೀಗ ಹಾಕಿದ ಫೋಲ್ಡರಿನಲ್ಲಿ ಇರೋದನ್ನೂ ಸೇರಿಸಿ, ಹೊರಗೆ ಕಾಪಿ ಮಾಡಿಕೊಳ್ಳಿ. ಗೂಗಲ್ ಖಾತೆ ತೆಗೆಯಿರಿ, ಸೆಟ್ಟಿಂಗ್ಸಿನಿಂದ ಫ್ಯಾಕ್ಟರಿ ರೀಸೆಟ್ ಮಾಡಿ. ಕೊಡೋ ಮೊದಲು ಸಿಮ್ ಟ್ರೇ ಎಳೆದು ನೋಡಿ, ಸಿಮ್ ತೆಗೆದವರು ಪಕ್ಕದ ಮೆಮೊರಿ ಕಾರ್ಡನ್ನ ಅಲ್ಲೇ ಬಿಟ್ಟಿರ್ತಾರೆ.