ಕೆಂಪು ಕಣದಲ್ಲಿ ಅಡಗಿದ ಪರೋಪಜೀವಿ

ನಮ್ಮ ಸಂಡೂರಿನಲ್ಲಿ ಹಿರಿಯರು ಮಲೇರಿಯಾವನ್ನು ಚಳಿಜ್ವರವೆಂದೇ ಕರೆಯುತ್ತಾರೆ. ಒಮ್ಮೆ ನನ್ನ ಅವ್ವನಿಗೆ ಈ ಜ್ವರ ಬಂದಾಗ ಮೊದಲ ದಿನದ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಮರುದಿನ ಕಂಡಿತು. “ಹುಳ ರಕ್ತದಾಗ ಇದ್ರ ನಿನ್ನಿ ಯಾಕ ಕಾಣ್ಲಿಲ್ಲಪಾ?” ಎಂದು ಓದುಬರಹವರಿಯದ ಆಕೆ ಕೇಳಿದಳು. ನಾನು ಕಲಾವಿಭಾಗದ ವಿದ್ಯಾರ್ಥಿ; ಉತ್ತರವನ್ನು ಹುಡುಕಿ ಓದಬೇಕಾಯಿತು.

ರೊನಾಲ್ಡ್ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ಜೀವಿಯನ್ನು ಕಂಡರು. ಆದರೆ ಅದು ನಮ್ಮ ಕೆಂಪು ರಕ್ತಕಣದೊಳಗೆ ನಡೆಸುವ ವ್ಯವಹಾರವು ವಿವರವಾಗಿ ತಿಳಿದುಬಂದುದು ಇತ್ತೀಚೆಗೆ.

ಮಲೇರಿಯಾದ ಜೀವಿಗಳಲ್ಲಿ ಪ್ಲಾಸ್ಮೋಡಿಯಂ ಫಾಲ್ಸಿಪೇರಮ್ ಅತಿ ಕ್ರೂರವಾದುದು. ಬಲಿತ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ. ಅದು ಹೊಸ ಪ್ರೋಟೀನನ್ನು ತಯಾರಿಸಲಾರದು. ಆದುದರಿಂದ ಪರೋಪಜೀವಿಯು ಬೇಕಾದ ಪ್ರೋಟೀನುಗಳನ್ನು ತಾನೇ ತಯಾರಿಸಿ, ತನ್ನನ್ನು ಸುತ್ತಿರುವ ಚೀಲದ ಪೊರೆಯನ್ನು ದಾಟಿಸಿ ಕಣದೊಳಕ್ಕೆ ಕಳುಹಿಸುತ್ತದೆ. ಇಂಥ ಅನೇಕ ಪ್ರೋಟೀನುಗಳಲ್ಲಿ, ಕಾಗದದ ಮೇಲಣ ವಿಳಾಸದಂತೆ, ಒಂದು ಗುರುತಿರುವುದೆಂದು 2004ರಲ್ಲಿ ತಿಳಿಯಿತು. ಅವು ದಾಟುವ ದ್ವಾರವನ್ನು 2009ರಲ್ಲಿ ಗುರುತಿಸಿದರು. ಮಡಿಕೆ ಬಿಚ್ಚಿದ ಪ್ರೋಟೀನು ಸೂಜಿಯ ಕಣ್ಣಿನಲ್ಲಿ ದಾರ ನುಸುಳುವಂತೆ ಅಲ್ಲಿ ನುಸುಳುತ್ತದೆ.

ಹೀಗೆ ಹೊರಟ ಪ್ರೋಟೀನುಗಳು ಕಣದ ಮೈಮೇಲೆ ಸಣ್ಣ ಗಂಟುಗಳನ್ನೆಬ್ಬಿಸುತ್ತವೆ. ಇವುಗಳಿಂದ ಕಣವು ಕಿರಿಯ ರಕ್ತನಾಳಗಳ ಗೋಡೆಗೆ ಅಂಟಿಕೊಂಡು, ಕೆಟ್ಟ ಕಣಗಳನ್ನು ಸೋಸುವ ಗುಲ್ಮದಿಂದ ತಪ್ಪಿಸಿಕೊಳ್ಳುತ್ತದೆ. ಮಿದುಳಿನ ನಾಳಗಳಲ್ಲಿ ಹೀಗಾದರೆ ಪ್ರಾಣಕ್ಕೇ ಅಪಾಯ.

ಹಾಗೆ ಅಂಟಿಕೊಂಡ ಕಣಗಳು ಬೆರಳಿನಿಂದ ತೆಗೆದ ಹನಿಯಲ್ಲಿ ಬಾರವು. ಅವ್ವನ ಪ್ರಶ್ನೆಗೆ ಇದೂ ಒಂದು ಉತ್ತರ. ಆದಕಾರಣ ಒಮ್ಮೆ ಕಾಣಲಿಲ್ಲವೆಂದು ನಿಶ್ಚಿಂತರಾಗದೆ, ಜ್ವರ ನಿಲ್ಲದಿದ್ದರೆ ಮತ್ತೆ ರಕ್ತಪರೀಕ್ಷೆ ಮಾಡಿಸುವುದು ನಮ್ಮ ಕರ್ತವ್ಯ.