ಮನೆಯಲ್ಲೇ ಕಲಿಸಬೇಕೆಂದಿರುವ ಮಗಳಿಗೆ

ಪ್ರೀತಿಯ ಮಗಳೇ,

ಈ ವರ್ಷ ಮಗಳನ್ನು ಶಾಲೆಗೆ ಹಾಕುವುದಿಲ್ಲ, ಮನೆಯಲ್ಲಿ ನಾನೇ ಕಲಿಸುತ್ತೇನೆ ಎಂದು ನೀನು ತೀರ್ಮಾನ ಮಾಡಿದ್ದೀಯಂತೆ. ನಿಮ್ಮ ಅತ್ತೆ ಬಂದು "ನೀವಾದ್ರೂ ಒಂದ್ ಮಾತ್ ಹೇಳ್ರಿ ಟೀಚರ್" ಅಂದರು. ನಿನ್ನ ಕಾರಣಗಳು ನನಗೆ ಅರ್ಥವಾಗುತ್ತವೆ. ಯಜಮಾನರದು ಕಾಲುವೆ ಆಫೀಸಿನ ನೌಕರಿ, ಇವತ್ತು ಭೀಮರಾಯನಗುಡಿ, ನಾಳೆ ನಾರಾಯಣಪುರ, ನಾಡಿದ್ದು ಇನ್ನೆಲ್ಲಿಗೋ. ಐದು ವರ್ಷದ ಕೂಸು ಬೆಳಿಗ್ಗೆ ಉಣ್ಣದೆ ವ್ಯಾನ್ ಹತ್ತಿ ಶಹಾಪುರಕ್ಕೆ ಹೋಗಿ, ಅರ್ಥವಾಗದ ಇಂಗ್ಲಿಷನ್ನು ಬಾಯಿಪಾಠ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಬಾಡಿ ಬರುವುದನ್ನು ನೋಡಲು ನಿನಗೆ ಮನಸ್ಸಿಲ್ಲ. ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಒಂದು, ಎರಡನೇ ತರಗತಿಯ ಮಕ್ಕಳ ಜೊತೆಗೇ ಆಯುಷ್ಯ ಕಳೆದವಳು ನಾನು. ಬೇಡ ಎನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಿನ್ನಂತೆ ಯೋಚಿಸುವ ತಾಯಂದಿರು ಈಗ ನಮ್ಮ ಕಡೆಯೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆ ಗೋಡೆಯ ವೇಳಾಪಟ್ಟಿಯನ್ನು ತೆಗೆ. ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಗಣಿತ, ಹನ್ನೊಂದಕ್ಕೆ ಇಂಗ್ಲಿಷ್ ಎಂದು ಬರೆದು ಅಂಟಿಸಿದ್ದೀಯಂತೆ. ಶಾಲೆಯಲ್ಲಿ ಗಂಟೆ ಹೊಡೆಯುವುದು ಮೂವತ್ತು ಮಕ್ಕಳನ್ನು ಒಬ್ಬಳೇ ಹಿಡಿದಿಡಬೇಕಲ್ಲ ಎಂಬ ಕಾರಣಕ್ಕೆ. ನಿನಗಿರುವುದು ಒಂದೇ ಕೂಸು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ನಲಿ ಕಲಿ ಶುರು ಮಾಡಿದಾಗ ಬೆಂಚು, ಗಂಟೆ, ಒಂದೇ ಪಾಠವನ್ನು ಎಲ್ಲರಿಗೂ ಒಟ್ಟಿಗೆ ಒಪ್ಪಿಸುವ ಪದ್ಧತಿ, ಇವನ್ನೇ ಮೊದಲು ಬದಿಗಿಟ್ಟರು. ನೆಲದ ಮೇಲೆ ಗುಂಪಾಗಿ ಕೂತು, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಏರುವ ಆ ಕ್ರಮ ನಮ್ಮ ಶಾಲೆಗೂ ಬಂದ ಮೇಲೆ, ಸುಮ್ಮನೆ ಮೂಲೆ ಹಿಡಿದು ಕೂರುತ್ತಿದ್ದ ಮಕ್ಕಳು ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರ್ಕಾರಿ ಶಾಲೆಯೇ ಬಿಟ್ಟದ್ದನ್ನು ನೀನು ಮನೆಯೊಳಗೆ ಯಾಕೆ ತರುತ್ತೀ?

ದಿನಕ್ಕೆ ಒಂದು ಕೆಲಸ ಮಾತ್ರ ತಪ್ಪಿಸಬೇಡ. ಒಂದು ಪುಸ್ತಕ ಗಟ್ಟಿಯಾಗಿ ಓದಿ ಹೇಳು. ಮಗಳನ್ನು ಎದುರಿಗೆ ಕೂಡಿಸಿಕೊಳ್ಳದೆ ತೊಡೆಯ ಮೇಲೆ ಕೂಡಿಸಿಕೊ. ನೀನು ಓದುವ ಸಾಲಿನ ಮೇಲೆ ಅವಳ ಕಣ್ಣೂ ಓಡಲಿ, ಹಾಳೆ ತಿರುವುವ ಕೆಲಸ ಅವಳದೇ ಆಗಲಿ. ಮೊದಲ ಸಲ ಕಥೆ ಪೂರ್ತಿ ಹೇಳಬೇಡ, ಚಿತ್ರ ನೋಡಿ ಏನು ನಡೆದಿದೆ ಎಂದು ಅವಳೇ ಹೇಳಲಿ. ಪುಸ್ತಕದಲ್ಲಿ "ಆನೆ ಎಲ್ಲಿಗೆ ಹೊರಟಿತು?" ಎಂದಿದ್ದರೆ ಅವಳು "ಆನಿ ಎಲ್ಲಿ ಹೊಂಟದ?" ಅನ್ನುತ್ತಾಳೆ. ತಿದ್ದಬೇಡ. ಅವಳಿಗೆ ಅರ್ಥವಾಗಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ನೀನು ಪುಸ್ತಕದಲ್ಲಿರುವಂತೆ ಓದು, ಅವಳು ನಮ್ಮ ಮಾತಿನಲ್ಲಿ ಹೇಳಲಿ. ಎರಡೂ ಕಿವಿಗೆ ಬೀಳುತ್ತಿದ್ದರೆ ಬರೆಯುವ ಕನ್ನಡ ತಾನಾಗಿ ಬರುತ್ತದೆ. ನಮ್ಮ ಮಕ್ಕಳ ಮನೆಮಾತನ್ನು ಮೊದಲ ದಿನವೇ "ತಪ್ಪು" ಎಂದು ಗೆರೆ ಎಳೆದು ಬಾಯಿ ಮುಚ್ಚಿಸಿದ ಶಾಲೆಗಳನ್ನು ನೋಡಿ ಹೊಟ್ಟೆ ಉರಿದಿದೆ ನನಗೆ. ಮನೆಯಲ್ಲಿ ಕಲಿಸುವವಳು ನೀನು, ನಿನ್ನ ಕೈಯಿಂದಲೂ ಅದೇ ಆಗಬಾರದು. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ಬೇಸರಪಡದೆ ಓದು. ಒಂದು ದಿನ ನೀನು ಒಂದು ಪದ ಬಿಟ್ಟರೆ ಅವಳೇ ಬೆರಳಿಟ್ಟು ಹಿಡಿಯುತ್ತಾಳೆ. ಓದು ಶುರುವಾಗುವುದು ಅಲ್ಲಿಂದ.

ಪುಸ್ತಕಕ್ಕೆ ಕಲಬುರಗಿಗೇ ಹೋಗಬೇಕೆಂದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಆದರೆ ಫೋನಿನಲ್ಲಿ ತೋರಿಸಬೇಡ, ಶಹಾಪುರದ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸೂಜಿ-ದಾರದಲ್ಲಿ ಹೊಲಿದುಕೊ. ಪಂಚಾಯ್ತಿ ಗ್ರಂಥಾಲಯಗಳಲ್ಲಿ 2020ರ ಮಕ್ಕಳ ದಿನದಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿನ್ನ ಮಗಳಿಗೆ ಆರು ತುಂಬಿದ ದಿನವೇ ಹೆಸರು ಬರೆಸು, ಅಲ್ಲಿಯವರೆಗೆ ನಿನ್ನ ಹೆಸರಿನಲ್ಲಿ ತಾ. ನಿನಗಾಗಿ ಎರಡು ಪುಸ್ತಕ ಹೇಳುತ್ತೇನೆ. ಒಂದು, ವಿ. ಗಾಯತ್ರಿಯವರು ಕನ್ನಡಕ್ಕೆ ತಂದ 'ತೊತ್ತೋ-ಚಾನ್'. ಇನ್ನೊಂದು, ವಕೀಲಿ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. ಗಿಜುಭಾಯಿಯ ಮೇಷ್ಟ್ರು ಆ ಪುಸ್ತಕದಲ್ಲಿ ಮಕ್ಕಳನ್ನು ಗೆಲ್ಲಲು ಹಿಡಿಯುವುದು ಕಥೆಯನ್ನೇ.

ಇನ್ನು ಆಟ. ನೀನು ಆನ್‌ಲೈನಿನಲ್ಲಿ ತರಿಸಿದ ಮರದ ಆಟಿಕೆಗಳ ಪೆಟ್ಟಿಗೆ ನೋಡಿದೆ. ಚೆಂದವಿದೆ, ಇರಲಿ. ಆದರೆ ಜೋಳದ ರಾಶಿ ಮುಗಿದ ಮೇಲೆ ಯಾರ ಹೊಲದಿಂದಲಾದರೂ ನಾಲ್ಕು ದಂಟು ತಂದುಕೊ. ಮೇಲಿನ ಗಟ್ಟಿ ಸಿಪ್ಪೆಯನ್ನು ಉದ್ದುದ್ದಕ್ಕೆ ಸೀಳಬೇಕು. ಅದು ಬ್ಲೇಡಿನಷ್ಟು ಹರಿತ, ಅದನ್ನು ನೀನು ಮಾಡು. ಒಳಗಿನ ಮೆತ್ತನೆಯ ಬೆಂಡನ್ನು ತುಂಡು ಮಾಡುವುದು ಅವಳ ಕೆಲಸ. ಸಿಪ್ಪೆಯ ಕಡ್ಡಿಯನ್ನು ಬೆಂಡಿಗೆ ಚುಚ್ಚಿ ಚುಚ್ಚಿ ಚಕ್ಕಡಿ ಕಟ್ಟುತ್ತಾ ಹೋಗಬೇಕು. ಬೆಂಡಿನ ಎರಡು ಬಿಲ್ಲೆ ಗಾಲಿ, ಒಂದು ಕಡ್ಡಿ ಅಚ್ಚು, ಎರಡು ಉದ್ದ ಕಡ್ಡಿ ಮೂಕಿ. ಒಂದು ಗಾಲಿ ದೊಡ್ಡದಾಗಿ ಒಂದು ಸಣ್ಣದಾದರೆ ಬಂಡಿ ವಾಲುತ್ತದೆ. ಅಚ್ಚು ನಡುವಿಗೆ ಬೀಳದಿದ್ದರೆ ಗಾಲಿ ತಿರುಗುವುದಿಲ್ಲ. "ಯಾಕ ತಿರಗವಲ್ದು?" ಎಂದು ಅವಳು ಕೇಳಿದಾಗ ಉತ್ತರ ಹೇಳಬೇಡ, ಇನ್ನೊಂದು ದಂಟು ಕೊಡು. ಅಳತೆ, ಸಮ, ನಡು, ತೂಕ ಇವೆಲ್ಲ ಬೆರಳಿನಿಂದ ತಲೆಗೆ ಹೋಗುವ ದಾರಿ ಅದೇ. ಅದೇ ಕಡ್ಡಿ-ಬೆಂಡಿನಲ್ಲಿ ಕನ್ನಡಕ ಮಾಡಿಕೊಂಡು ಅವಳು ನಿನಗೇ ಟೀಚರ್ ಆಗಿ ಬರುತ್ತಾಳೆ, ನೀನು ವಿದ್ಯಾರ್ಥಿಯಾಗಿ ಕೂರು. ಆ ಆಟದಲ್ಲಿ ಅವಳು ನಿನ್ನ ಮೇಲೆ ಕೂಗಾಡಿದರೆ, ನೀನು ಅವಳಿಗೆ ಹೇಗೆ ಕಲಿಸುತ್ತಿದ್ದೀ ಎಂಬುದು ನಿನಗೇ ತಿಳಿಯುತ್ತದೆ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಪೇಟೆಯಲ್ಲಿ ಮಾಡಿಟ್ಟ ಎತ್ತು ಕೊಳ್ಳಬೇಡ. ಹೊಲದ ಕರಿಮಣ್ಣು ತಂದು ಹೆಂಟೆ ಒಡೆದು ನೀರಲ್ಲಿ ನೆನೆಹಾಕಿ ಅವಳ ಕೈಗೇ ಬಿಡು. ಕುಸುಬಿ ಕಾಳು ಕಣ್ಣಾಗಲಿ. ಮಾರನೆಯ ದಿನ ಎತ್ತಿನ ಬೆನ್ನು ಸೀಳಿರುತ್ತದೆ, ಅವಳು ಅಳುತ್ತಾಳೆ. ಆಗ ಅವಳನ್ನು ಬೇಸಿಗೆಯಲ್ಲಿ ಬಾಯ್ಬಿಟ್ಟ ಎರೆಹೊಲದ ನೆನಪಿಗೆ ಕರೆದುಕೊಂಡು ಹೋಗು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಮಣ್ಣು ನಮ್ಮದು. ಎತ್ತಿನ ಬೆನ್ನು ಸೀಳಿದ್ದೂ ಹೊಲ ಬಿರುಕು ಬಿಟ್ಟದ್ದೂ ಒಂದೇ ಕಾರಣಕ್ಕೆ. ಮುಂದಿನ ಸಲ ಮಣ್ಣಿಗೆ ಸ್ವಲ್ಪ ಹತ್ತಿಯ ಎಳೆ ಕಲಸಿ ನೋಡಲಿ. ನಿನ್ನ ಮನೆಯ ಪಕ್ಕದಲ್ಲೇ ಕೃಷಿ ಮಹಾವಿದ್ಯಾಲಯವಿದೆ. ಯಾರಾದರೂ ವಿದ್ಯಾರ್ಥಿಯನ್ನು ಕೇಳಿದರೆ ಮಣ್ಣಿನ ಬಗ್ಗೆ ಅವಳಿಗೆ ತಿಳಿಯುವ ಹಾಗೆ ಸಂತೋಷದಿಂದ ಹೇಳುತ್ತಾರೆ. ಪಂಚಮಿಗೆ ಜೋಕಾಲಿ, ಮೊಹರಂನಲ್ಲಿ ಅಲಾಯಿ ಕುಣಿತ, ಎಳ್ಳ ಅಮಾವಾಸ್ಯೆಗೆ ಹೊಲದ ಊಟ, ಇವು ರಜೆಯ ದಿನಗಳೆಂದು ಪಾಠದಿಂದ ಬಿಡಬೇಡ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನನ್ನು ತೋರಿಸಿ, ಯಾಕೆ ಮಲಗಿದ್ದಾನೆ ಎಂಬುದಕ್ಕೆ ಅವಳೇ ಕಥೆ ಕಟ್ಟಲಿ. ಸ್ವಲ್ಪ ದೊಡ್ಡವಳಾದ ಮೇಲೆ ಹುಣಸಗಿ ಕಡೆಯ ಇಸಾಂಪುರಕ್ಕೆ ಕರೆದುಕೊಂಡು ಹೋಗು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆದು ತೆಗೆದ ಕಲ್ಲಿನ ಆಯುಧಗಳು ಸುಮಾರು 12 ಲಕ್ಷ ವರ್ಷ ಹಿಂದಿನವೆಂದು ಅಂದಾಜು. ಕಲ್ಲಿಗೆ ಕಲ್ಲು ಕುಟ್ಟಿ ನೋಡುವ ಮಕ್ಕಳಿಗೆ ಆ ಜಾಗ ಬೇಗ ಅರ್ಥವಾಗುತ್ತದೆ.

ಒಂದು ಎಚ್ಚರ, ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆ. ಕಾಲುವೆಯ ಕಡೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡ. ನೀರು ಬಿಟ್ಟಾಗ ಸೆಳೆತ ಮೇಲೆ ಕಾಣುವುದಿಲ್ಲ, ಲೈನಿಂಗಿನ ಇಳಿಜಾರಿನಲ್ಲಿ ಪಾಚಿ ಕಟ್ಟಿ ದೊಡ್ಡವರಿಗೂ ಹಿಡಿತ ಸಿಗುವುದಿಲ್ಲ.

ಮನೆಯಲ್ಲಿ ಕಲಿತ ಮಕ್ಕಳು ಮುಂದೆ ಏನಾಗುತ್ತಾರೆ ಎಂದು ಅತ್ತೆ ಕೇಳಿದರೆ ಪುತ್ತೂರಿನ ಬಾಲವನದ ಕಥೆ ಹೇಳು. ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಕಳಿಸದೆ ಮನೆಯಲ್ಲೇ, ಗಿಡ-ಮರ-ಪುಸ್ತಕಗಳ ನಡುವೆ ಬೆಳೆಸಿದರು. ಕನ್ನಡದ ಮಕ್ಕಳಿಗೆಂದು 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದವರೂ ಅವರೇ. ಆ ಮಕ್ಕಳಲ್ಲಿ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಬಲ್ಲ ವಿಜ್ಞಾನಿಯಾದರು, ಮಾಳವಿಕಾ ಕಪೂರ್ ಮಕ್ಕಳ ಮನಶ್ಶಾಸ್ತ್ರಜ್ಞೆಯಾದರು. ಆದರೆ ಮಗಳೇ, ಕಾರಂತರು ಬಾಲವನವನ್ನು ತಮ್ಮ ಮಕ್ಕಳಿಗಷ್ಟೇ ಬೇಲಿ ಹಾಕಿ ಇಟ್ಟುಕೊಳ್ಳಲಿಲ್ಲ. ಊರಿನ ಮಕ್ಕಳನ್ನು ಕೂಡಿಸಿ ಕುಣಿಸಿದರು, ನಾಟಕ ಆಡಿಸಿದರು. ನಿನಗೆ ನಾನು ನಿಜಕ್ಕೂ ಹೇಳಬೇಕಾದ ಮಾತು ಇರುವುದು ಇಲ್ಲಿ.

ಬೆಂಗಳೂರಿನಲ್ಲಿ ಒಬ್ಬ ತಾಯಿ ಮಗುವನ್ನು ಶಾಲೆಯಿಂದ ದೂರ ಇಟ್ಟರೆ ಅದು ಅವಳ ಮನೆಯ ವಿಚಾರ. ನಮ್ಮಲ್ಲಿ ಹಾಗಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳಲ್ಲಿ ಬರೀ 41.38. ಹತ್ತಿ ಬಿಡಿಸುವ ದಿನಗಳಲ್ಲಿ ನಸುಕಿಗೇ ಟಂಟಂ ಹತ್ತಿ ಹೋಗುವ ಕೂಲಿಯವರ ನಡುವೆ ಎಂಟು-ಹತ್ತು ವರ್ಷದ ಹುಡುಗಿಯರನ್ನು ನೀನೂ ನೋಡಿದ್ದೀ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ನವೆಂಬರ್ ಬಂದರೆ ಅವರ ಹೆಸರಿನ ಮುಂದೆ ಸಾಲು ಸಾಲು ಗೈರು ಬೀಳುತ್ತಿತ್ತು. ಅವರೂ ಶಾಲೆಯ ಹೊರಗಿನವರು, ನಿನ್ನ ಮಗಳೂ ಶಾಲೆಯ ಹೊರಗಿನವಳು. ಒಬ್ಬಳಿಗೆ ತಾಯಿಯ ತೊಡೆ, ಚಿತ್ರದ ಪುಸ್ತಕ. ಇನ್ನೊಬ್ಬಳಿಗೆ ಉಡಿ ತುಂಬ ಹತ್ತಿ. ಕೋವಿಡ್ ಬಂದು 2020ರ ಮಾರ್ಚಿನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳು ಸಣ್ಣ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ನಡುವೆ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಗುಡಿಕಟ್ಟೆ, ಬೇವಿನಮರದ ಕೆಳಗೆ ಮಕ್ಕಳನ್ನು ಕೂಡಿಸಿದ್ದು ಕೆಲವೇ ವಾರ. ಮನೆಯಲ್ಲಿ ಓದಿಸುವವರಿದ್ದ ಮಕ್ಕಳು ಆ ಕಾಲವನ್ನು ದಾಟಿದರು. ಉಳಿದವರಲ್ಲಿ ಎಷ್ಟೋ ಜನ ಕಲಿತ ಅಕ್ಷರವನ್ನೇ ಮರೆತು ಬಂದರು. ಎಲ್ಲ ಮನೆಯೂ ಶಾಲೆಯಾಗಲಾರದು ಎಂಬುದನ್ನು ನಾವು ಆಗಲೇ ನೋಡಿಬಿಟ್ಟಿದ್ದೇವೆ.

ಆದ್ದರಿಂದ ನಿನ್ನ ಮಗಳಿಗೆ ಕಲಿಸು, ಆದರೆ ಒಬ್ಬಳಿಗೇ ಕಲಿಸಬೇಡ. ಸಂಜೆ ಐದಕ್ಕೆ ಕ್ವಾರ್ಟರ್ಸಿನ ಅಂಗಳದಲ್ಲಿ ಚಾಪೆ ಹಾಸು. ಗೇಟು ತೆರೆದಿರಲಿ. ಪಕ್ಕದ ಕ್ಯಾಂಪಿನ, ತಾಂಡಾದ, ಹಿಂದಿನ ಓಣಿಯ ಮಕ್ಕಳು ಬಂದರೆ ಜಾತಿ-ಬಟ್ಟೆ-ಭಾಷೆ ಕೇಳದೆ ಕೂಡಿಸು. ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಕೂಸು ಚಿತ್ರ ನೋಡಿ ತನ್ನ ಮಾತಿನಲ್ಲಿ ಹೇಳಲಿ, ನಿನ್ನ ಮಗಳು ಅದನ್ನು ಕಲಿತುಕೊಳ್ಳಲಿ. ಒಂದು ಕಥೆ, ಆಮೇಲೆ ಲಗೋರಿಯೋ ಕುಂಟಾಟವೋ. ಅವಳು ಸೋಲಬೇಕು, ಜಗಳಾಡಬೇಕು, ಪಾಳಿ ಕಾಯಬೇಕು. ತಾಯಿಯೊಬ್ಬಳೇ ಆಡುವ ಮನೆಯಲ್ಲಿ ಮಗು ಯಾವಾಗಲೂ ಗೆಲ್ಲುತ್ತದೆ, ಅದು ಒಳ್ಳೆಯದಲ್ಲ. ನಿನ್ನ ಪುಸ್ತಕಗಳು ಹರಿಯುತ್ತವೆ, ಒಂದೆರಡು ಕಳೆದೂ ಹೋಗುತ್ತವೆ. ಹೋಗಲಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ಮಕ್ಕಳ ಪುಸ್ತಕಗಳನ್ನು ನಾನು ಶಾಲೆಗಳಲ್ಲೇ ಬೇಕಾದಷ್ಟು ನೋಡಿದ್ದೇನೆ, ಸಿಟ್ಟು ಬಂದಿದೆ.

ಕಾನೂನಿನ ಮಾತು ಚುಟುಕಾಗಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ನಿನ್ನ ಮಗಳಿಗೆ ಇನ್ನೂ ಐದು, ಈ ವರ್ಷ ನಿಶ್ಚಿಂತೆಯಿಂದಿರು. ಆರು ತುಂಬಿದಾಗ ಮತ್ತೆ ಕೂತು ಯೋಚಿಸು. ತಡವಾಗಿ ಸೇರಿಸಿದರೂ ವಯಸ್ಸಿಗೆ ತಕ್ಕ ತರಗತಿ ಕೊಡಬೇಕೆಂದು 4ನೇ ಸೆಕ್ಷನ್ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳ ದಾರಿಯೂ ಇದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಆಗ ಅವಳನ್ನು ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಸೇರಿಸು. ಸಂಜೆಯ ಚಾಪೆಯನ್ನು ಮಾತ್ರ ಮಡಿಸಬೇಡ. ನಿನ್ನಂಥ ತಾಯಿ ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತರೆ ಆ ಶಾಲೆಯ ಕಪಾಟಿನ ಬೀಗವೂ ತೆರೆಯುತ್ತದೆ.

ನನ್ನ ಹತ್ತಿರ ಹಳೆಯ ಚಂದಮಾಮಗಳ ಒಂದು ಗಂಟಿದೆ. ಈಗಿನ್ನೂ ಅವಳಿಗೆ ದೊಡ್ಡವು, ಆದರೆ ಚಾಪೆಗೆ ಬರುವ ದೊಡ್ಡ ಮಕ್ಕಳಿಗೆ ಬೇಕಾಗುತ್ತವೆ. ಭಾನುವಾರ ಯಜಮಾನರ ಬೈಕಿನಲ್ಲಿ ಬಂದು ಒಯ್ಯಿ, ಮಗಳನ್ನೂ ಕರೆದುಕೊಂಡು ಬಾ. ಹರಿದ ಹಾಳೆಗಳಿಗೆ ಮೈದಾ ಅಂಟು ಕಾಸಿ ಇಟ್ಟಿರುತ್ತೇನೆ, ಕೂತು ಅಂಟಿಸೋಣ.

ಆಶೀರ್ವಾದಗಳು.

ಇತಿ,
ನಿನ್ನ ಟೀಚರಮ್ಮ