ಔಷಧದ ಪೇಟೆಂಟು ಮುಗಿಯುವುದೆಂದಿಗೆ?

ನನ್ನಣ್ಣ ನಂಜನಗೂಡಿನಲ್ಲಿ ಔಷಧಗಳ ಮೂಲವಸ್ತು ತಯಾರಿಸುವ ಒಂದು ಕಾರ್ಖಾನೆಯ ಕೆಲಸಗಾರ. ತಿ. ನರಸೀಪುರದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನು, "ಯುರೋಪ್ನಲ್ಲಿ ಪೇಟೆಂಟು ಮುಗಿದ್ಮೇಲೆ ನಮ್ ಮಾಲು ಅಲ್ಲಿಗೆ ಹೋಗ್ತದಂತೆ. ಬಿ.ಎ. ಓದ್ತಿದ್ದೀಯಲ್ಲ, ಯಾವಾಗ ಮುಗೀತದೆ ಹೇಳ್ಲಾ" ಎಂದ. ಇಪ್ಪತ್ತು ವರ್ಷಕ್ಕೆ ಎಂದುಬಿಟ್ಟೆ. ಅದು ಅರ್ಧ ಉತ್ತರವೆಂಬುದು ಆಮೇಲೆ ಓದಿದಾಗ ತಿಳಿಯಿತು.

ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷವೇನೋ ನಿಜ. ಆದರೆ ಔಷಧವನ್ನು ಪರೀಕ್ಷಿಸಿ ಮಾರಾಟಕ್ಕೆ ಅನುಮತಿ ಪಡೆಯುವಷ್ಟರಲ್ಲಿ ಹಲವು ವರ್ಷಗಳು ಕಳೆದುಹೋಗುತ್ತವೆ. ಈ ನಷ್ಟ ತುಂಬಲು ಯುರೋಪು 1992ರಲ್ಲಿ 'ಪೂರಕ ರಕ್ಷಣಾ ಪ್ರಮಾಣಪತ್ರ'ದ ಕಾನೂನು ಮಾಡಿತು. ಅರ್ಜಿಯಿಂದ ಮೊದಲ ಅನುಮತಿಯವರೆಗಿನ ಕಾಲದಲ್ಲಿ 5 ವರ್ಷ ಕಳೆದು ಉಳಿದಷ್ಟು ಹೆಚ್ಚುವರಿ ಅವಧಿ. ಅದು 5 ವರ್ಷ ಮೀರಕೂಡದು. ಲೆಕ್ಕ ಸುಲಭ. ತೊಡಕಿರುವುದು ಒಂದು ಮಾತಿನಲ್ಲಿ. ಔಷಧವು 'ಮೂಲ ಪೇಟೆಂಟಿನಿಂದ ರಕ್ಷಿತ'ವಾಗಿರಬೇಕಂತೆ. ರಕ್ಷಿತವೆಂದರೇನು?

ಎಚ್‌.ಐ.ವಿ. ಸೋಂಕಿಗೆ ಕೊಡುವ 'ಟ್ರುವಾಡ' ಗುಳಿಗೆಯನ್ನೇ ನೋಡೋಣ. ಅದರಲ್ಲಿ ಟೆನೊಫೊವಿರ್, ಎಮ್‌ಟ್ರಿಸಿಟಬೀನ್ ಎಂಬ ಎರಡು ಔಷಧಗಳಿವೆ. ಗಿಲಿಯಡ್ ಕಂಪನಿಯ 1997ರ ಪೇಟೆಂಟು ಎರಡನೆಯದರ ಹೆಸರೆತ್ತದೆ, ಬೇಕಾದರೆ ಬೇರೆ ಔಷಧಾಂಶಗಳೂ ಸೇರಬಹುದೆಂದಷ್ಟೇ ಹೇಳಿತ್ತು. ನಮ್ಮ ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆಯರು ಕಣ್ಣಿಗೆ ಕಾಣುತ್ತಾರೆ. ಸ್ಫಟಿಕ ಸರೋವರ ಗುಪ್ತವಾಗಿ ಸೇರುತ್ತದೆಂದು ಹಿರಿಯರು ಹೇಳುತ್ತಾರೆ. ನಂಬಿಕೆಗೆ ಅಷ್ಟು ಸಾಕು. ಕಾನೂನಿಗೆ ಸಾಕೆ?

ಲಕ್ಸೆಂಬರ್ಗಿನಲ್ಲಿರುವ ಯುರೋಪು ಒಕ್ಕೂಟದ ನ್ಯಾಯಾಲಯ 2011ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಔಷಧಾಂಶವನ್ನು ಪೇಟೆಂಟಿನ ಹಕ್ಕುಕೋರಿಕೆಯ ಮಾತುಗಳಲ್ಲೇ ನಿರ್ದೇಶಿಸಿರಬೇಕು ಎಂದಿತು. 2013ರಲ್ಲಿ, ಹೆಸರಿಲ್ಲದಿದ್ದರೂ ಅದು ಮಾಡುವ ಕೆಲಸದ ವರ್ಣನೆ ಸಾಕಾಗಬಹುದು ಎಂದಿತು. ಟ್ರುವಾಡದ ಮೊಕದ್ದಮೆಯಲ್ಲಿ, 2018ರ ಜುಲೈನಲ್ಲಿ, ಆ ವಿದ್ಯೆಯಲ್ಲಿ ನುರಿತವನು ಪೇಟೆಂಟನ್ನು ಓದಿ ಪ್ರತಿಯೊಂದು ಅಂಶವನ್ನೂ ನಿರ್ದಿಷ್ಟವಾಗಿ ಗುರುತಿಸುವಂತಿರಬೇಕು ಎಂದಿತು. ಇದನ್ನನುಸರಿಸಿ ಇಂಗ್ಲೆಂಡಿನ ಹೈಕೋರ್ಟು (ಆಗ ಆ ದೇಶವಿನ್ನೂ ಒಕ್ಕೂಟದಲ್ಲಿತ್ತು) ಪ್ರಮಾಣಪತ್ರವನ್ನು ಅಸಿಂಧುವೆಂದಿತು. ಆದರೆ ಆ ವೇಳೆಗಾಗಲೇ ಪೇಟೆಂಟಿನ 20 ವರ್ಷ ಮುಗಿದು ಒಂದು ವರ್ಷ ಕಳೆದಿತ್ತು! ಆ ಒಂದು ವರ್ಷ ಅಗ್ಗದ ಗುಳಿಗೆ ಮಾರುವವನು ಏನೆಂದು ತಿಳಿಯಬೇಕಿತ್ತು? ಮಾರಿದರೆ ದಾವೆಯ ಭಯ, ಸುಮ್ಮನಿದ್ದರೆ ವ್ಯಾಪಾರ ಹೋಯಿತು. ನಡುವೆ ಹೆಚ್ಚಿನ ಬೆಲೆ ತೆರುವ ಹೊರೆ ರೋಗಿಗಾಗಿ ಹಣ ಕೊಡುವವರ ಮೇಲೆ. ಇದರ ಮೇಲೆ, ಕಾನೂನು ಇಡೀ ಒಕ್ಕೂಟಕ್ಕೆ ಒಂದೇ ಆದರೂ ಪ್ರಮಾಣಪತ್ರವನ್ನು ಕೊಡುವುದು ಆಯಾ ದೇಶದ ಕಚೇರಿ.

ಹಳೆಯ ಔಷಧದ ಹೊಸ ಉಪಯೋಗಕ್ಕೂ ಪ್ರಮಾಣಪತ್ರ ಸಿಕ್ಕಬಹುದೆಂದು 2012ರಲ್ಲಿ ಹೇಳಿದ ಅದೇ ನ್ಯಾಯಾಲಯ, 2020ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು.

ಹೊಸ ಔಷಧ ಕಂಡುಹಿಡಿದವನಿಗೆ ಪ್ರತಿಫಲ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಎಂದು ಮುಗಿಯುತ್ತದೆಂಬುದು ಮೊದಲೇ ಗೊತ್ತಿರಲೆಂದಷ್ಟೇ ನನ್ನ ತಕರಾರು. ನಮ್ಮ ದೇಶದಲ್ಲಿ 1970ರ ಕಾಯಿದೆಯು ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು ಕೊಡುತ್ತಿತ್ತು; 2005ರಿಂದ ಔಷಧಕ್ಕೇ ಉಂಟು. ಆದರೂ 20 ವರ್ಷದ ಮೇಲೆ ಇಂಥ ವಿಸ್ತರಣೆಗೆ ನಮ್ಮ ಕಾಯಿದೆಯಲ್ಲಿ ಅವಕಾಶವಿಲ್ಲ.

ಇದನ್ನೆಲ್ಲ ಅಣ್ಣನಿಗೆ ವಿವರಿಸಿದೆ. "ಹಂಗಾದ್ರೆ ನಮ್ ಮಾಲು ಯಾವತ್ತು ಹೋಗ್ತದೆ?" ಎಂದು ಮತ್ತೆ ಅದನ್ನೇ ಕೇಳಿದ.